ಅಜ್ಜಿಯ ಕಪ್ಪು ಕನ್ನಡಕ ಮತ್ತು ನಾನು ಗೆದ್ದ ಒಂದು ವಾದ

ಹನ್ನೊಂದು ದಿನ ನಾನು ಕಣ್ಣಿನ ಡಾಕ್ಟರಿಗೆ ಸುಳ್ಳು ಹೇಳಿದೆ. ಎರಡೇ ಸುಳ್ಳು, ಎರಡೂ ಸಣ್ಣವು. "ಧೂಳು ಬಿತ್ತು" ಎನ್ನುವುದು ಒಂದು. "ಬೇರೆ ಯಾವ ಡ್ರಾಪ್ಸೂ ಹಾಕಿಲ್ಲ" ಎನ್ನುವುದು ಇನ್ನೊಂದು. ಮೂರನೆಯದೂ ಒಂದಿದೆ, ಅದನ್ನು ಹೇಳಿದ್ದು ಡಾಕ್ಟರಿಗಲ್ಲ. ಬರೆಯುತ್ತಾ ಹೋದರೆ ಅದೂ ಬರುತ್ತದೆ. ಬರಲೇಬೇಕು, ಇಲ್ಲದಿದ್ದರೆ ಇದನ್ನು ಬರೆಯುವ ಅಗತ್ಯವೇ ಇಲ್ಲ.

ನನ್ನ ಬಲಗಣ್ಣಿನಲ್ಲಿ ಈಗ ಸಾಸಿವೆ ಕಾಳಿಗಿಂತ ತುಸು ದೊಡ್ಡದಾದ ಬಿಳಿ ಚುಕ್ಕೆಯಿದೆ. ನಮ್ಮ ಕಡೆ ಇದಕ್ಕೆ ಕಣ್ಣಲ್ಲಿ ಹೂ ಬಿದ್ದಿದೆ ಎನ್ನುತ್ತಾರೆ. ಎಡಗಣ್ಣು ಮುಚ್ಚಿಕೊಂಡರೆ ಎದುರಿನವರ ಮುಖ ಹಬೆ ಹಿಡಿದ ಗಾಜಿನಾಚೆ ನಿಂತಂತೆ ಕಾಣುತ್ತದೆ. ಬಿಸಿಲಿಗೆ ಬಂದರೆ ಚುಚ್ಚುತ್ತದೆ. ಇದರ ಜೊತೆ ಬದುಕುವುದು ಅಭ್ಯಾಸವಾಗಿದೆ. ಅಭ್ಯಾಸವಾಗದೆ ಉಳಿದಿರುವುದು ನಾಚಿಕೆ ಮಾತ್ರ.

ದೊಡ್ಡ ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತಾಗ ನಾನು ಒಂದು ವಿಷಯ ಗಮನಿಸಿದೆ. ಬೆಂಚಿನ ಮೇಲೆ ಎಲ್ಲರೂ ನಿಜ ಹೇಳುತ್ತಾರೆ. "ಕಣ್ಣಿಗೆ ಎದೆಹಾಲು ಬಿಟ್ಟಿದ್ದೆ ಕಣಮ್ಮ, ಹಂಗೇ ಕಡ್ಮೆ ಆಯ್ತದೆ ಅಂದ್ರು" ಎಂದು ಪಕ್ಕದ ಹೆಂಗಸು ನನಗೆ ಹೇಳಿದಳು. "ವೆಲ್ಡಿಂಗ್ ಮಾಡೋವಾಗ ಶೀಲ್ಡ್ ಹಿಡ್ಕೊಂಡಿರ್ಲಿಲ್ಲ ಗುರು" ಎಂದು ಎದುರಿನವನು ತನ್ನ ಪಕ್ಕದವನಿಗೆ ಹೇಳಿದ. ಒಳಗೆ ಕರೆದಾಗ ಇಬ್ಬರೂ "ಏನೂ ಹಾಕಿಲ್ಲ", "ಏನೋ ಬಿತ್ತು" ಎಂದೇ ಹೇಳಿರಬೇಕು, ಏಕೆಂದರೆ ಹೊರಗೆ ಬಂದಾಗ ಅವರ ಮುಖ ನನ್ನ ಮುಖದಂತೆಯೇ ಇತ್ತು. ಅವರಂಥವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಪಕ್ಕದಲ್ಲಿ ನಾನೂ ಕೂತಿದ್ದೇನೆ ಎಂದುಕೊಳ್ಳಿ.

ಆವತಿಯ ಹತ್ತಿರದ ಊರು ನಮ್ಮದು. ಅಪ್ಪನಿಗೆ ಒಂದಿಷ್ಟು ಹೊಲ, ಅಮ್ಮ ಅಂಗನವಾಡಿಯಲ್ಲಿ ಸಹಾಯಕಿ, ಮನೆಯಲ್ಲಿ ಅಪ್ಪನ ತಾಯಿ, ಅಂದರೆ ಅಜ್ಜಿ. ನಾನು ಬಿ.ಎಸ್ಸಿ ಮುಗಿಸಿ ಸೇರಿದ್ದು ಮನೆಯಿಂದ ಸ್ಕೂಟರಿನಲ್ಲಿ ಹತ್ತು ನಿಮಿಷದ ದಾರಿಯ ಒಂದು ಶೆಡ್ಡಿಗೆ. ಹಿಂದೆ ಅಲ್ಲಿ ದ್ರಾಕ್ಷಿ ಚಪ್ಪರವಿತ್ತು. ಈಗ ಕಿಟಕಿಯೇ ಇಲ್ಲದ ಕೋಣೆಗಳು, ಗೋಡೆಗೆಲ್ಲ ಬಿಳಿ ಹಾಳೆ, ಕೋಣೆಯ ತುಂಬ ಅಟ್ಟಣಿಗೆ. ಪ್ರತಿ ಅಟ್ಟಣಿಗೆಯಲ್ಲಿ ಮಣ್ಣಿಲ್ಲದೆ ನೀರಿನಲ್ಲೇ ಬೆಳೆಯುವ ಸಲಾಡ್ ಸೊಪ್ಪು, ಸೊಪ್ಪಿನ ಮೇಲೆ ಒಂದಡಿ ಎತ್ತರದಲ್ಲಿ ಗುಲಾಬಿ ಬಣ್ಣದ ಲೈಟು. ಸೂರ್ಯನ ಕೆಲಸವನ್ನು ಆ ಲೈಟುಗಳೇ ಮಾಡುತ್ತಿದ್ದವು. ಸೊಪ್ಪು ಬೆಂಗಳೂರಿನ ಹೋಟೆಲುಗಳಿಗೆ ಹೋಗುತ್ತಿತ್ತು. ನಾನೂ ಸೇರಿ ಆರು ಜನ ಹೆಂಗಸರು. ನಾನು ಸೂಪರ್‌ವೈಸರ್. ಉಳಿದವರಲ್ಲಿ ಹಿರಿಯರು ರತ್ನಕ್ಕ, ನಲವತ್ತೈದು ದಾಟಿದವರು. ಸೊಪ್ಪಿನ ಅಂಚು ಸುಡುತ್ತಿರುವುದನ್ನು ನನಗಿಂತ ಎರಡು ದಿನ ಮೊದಲೇ ಕಂಡುಹಿಡಿಯುತ್ತಿದ್ದರು.

ಕಾಲೇಜಿನಲ್ಲಿ ಮೂರು ವರ್ಷ ನಾನು ಚರ್ಚಾಸ್ಪರ್ಧೆಯ ಹುಡುಗಿ. ಮನೆಯ ಶೋಕೇಸಿನಲ್ಲಿ ಗೆದ್ದ ಕಪ್ಪುಗಳ ಸಾಲಿದೆ. ಅಲ್ಲಿ ಕಲಿತದ್ದು ಇಷ್ಟು: ಯಾವ ಪ್ರಶ್ನೆಯನ್ನೂ ಉತ್ತರವಿಲ್ಲದೆ ಬಿಡಬಾರದು. ಉತ್ತರ ಇಲ್ಲದಿದ್ದರೆ ತಿರುಗಿಸಿ ಇನ್ನೊಂದು ಪ್ರಶ್ನೆ ಕೇಳಬೇಕು. ಸಭೆ ನಕ್ಕರೆ ಅರ್ಧ ಗೆದ್ದ ಹಾಗೆ. "ಪುರಾವೆ ಏನು?" ಎನ್ನುವುದು ನನ್ನ ಬಾಯಿಪಾಠದ ಮಾತು. ಚಿಕ್ಕಮ್ಮ ತಾಯತ ತಂದರೆ, ಅಪ್ಪ ವಾಟ್ಸಾಪಿನಲ್ಲಿ ಬಂದ ಮನೆಮದ್ದು ಓದಿದರೆ, ಎಲ್ಲರಿಗೂ ಒಂದೇ ಪ್ರಶ್ನೆ. ಅಜ್ಜಿ ನನಗೆ "ಪುರಾವೆ ಲಾಯರಮ್ಮ" ಎಂದು ಹೆಸರಿಟ್ಟಿದ್ದಳು.

ಕೆಂಪು ಅಂಚಿನ ಸೊಪ್ಪಿಗೆ ಬೇಡಿಕೆ ಬಂದಾಗ ಮಾಲೀಕರು ಒಂದು ಕೋಣೆಗೆ ಯುವಿ, ಅಂದರೆ ಅತಿನೇರಳೆ ಕಿರಣದ ಟ್ಯೂಬುಗಳನ್ನು ಹಾಕಿಸಿದರು. ದಿನಕ್ಕೆ ಒಂದಿಷ್ಟು ಹೊತ್ತು ಆ ಬೆಳಕು ಬಿದ್ದರೆ ಎಲೆ ಕೆಂಪಾಗುತ್ತದೆ. ಟ್ಯೂಬ್ ಬಂದ ಡಬ್ಬಿಯ ಮೇಲೆ ಒಂದು ಕಣ್ಣಿನ ಚಿತ್ರ, ಅದರ ಮೇಲೆ ಅಡ್ಡಗೆರೆ. ನಾನು ಅದನ್ನು ನೋಡಿದ್ದೆ. ನೋಡಿರಲಿಲ್ಲ ಎಂದು ಬರೆಯಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಭವ್ಯಾ, ಟ್ಯೂಬ್ ಉರಿಯೋವಾಗ ಒಳಗೆ ಯಾರೂ ಇರ್ಬಾರ್ದು. ಆದ್ರೂ ಎಲ್ರಿಗೂ ಕನ್ನಡಕ ಬೇಕು. ಯಾವ್ದು ಸರಿ ಅಂತ ನೀನೇ ನೋಡಿ ಹೇಳಮ್ಮ, ಓದಿರೋಳು" ಎಂದರು ಮಾಲೀಕರು.

ಎರಡು ಸಂಜೆ ಫೋನ್ ಹಿಡಿದು ಕೂತೆ. ಒಬ್ಬ ಕಿತ್ತಳೆ ಬಣ್ಣದ ಗಾಜು ಎನ್ನುತ್ತಾನೆ, ಇನ್ನೊಬ್ಬ ಹಸಿರು, ಮತ್ತೊಬ್ಬ ನೀಲಿ. ಎಲ್ಲರೂ ನೂರಕ್ಕೆ ನೂರು ರಕ್ಷಣೆ ಎನ್ನುವವರೇ. ಒಬ್ಬನೂ ಯಾವ ಕಿರಣವನ್ನು ಎಷ್ಟು ತಡೆಯುತ್ತದೆ ಎಂದು ನೆಟ್ಟಗೆ ಬರೆದಿರಲಿಲ್ಲ. ನನಗೆ ಖುಷಿಯಾಯಿತು. ಇದೆಲ್ಲ ಹೆದರಿಸಿ ಮಾರುವ ದಂಧೆ ಎಂದು ತೀರ್ಮಾನಿಸಿದೆ. ಈ ತರ್ಕದಲ್ಲಿ ತೂತಿದೆ ಎಂದು ನನಗೆ ಆಗಲೇ ಗೊತ್ತಿತ್ತು. ಮಾರುವವನು ಸುಳ್ಳು ಹೇಳಿದರೆ ಸರಕು ಸುಳ್ಳಾಗಬಹುದು, ಅಪಾಯ ಸುಳ್ಳಾಗುವುದಿಲ್ಲ. ಎದುರಿನ ತಂಡದವರು ಇಂಥ ಮಾತಾಡಿದ್ದರೆ ಅರ್ಧ ನಿಮಿಷದಲ್ಲಿ ಹರಿದುಹಾಕುತ್ತಿದ್ದೆ. ಅಲ್ಲಿ ಎದುರು ತಂಡವೇ ಇರಲಿಲ್ಲ.

ಇತ್ತು, ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕ್ರೇಟಿನ ಮೇಲೆ ಕೂತಿತ್ತು.

ಊಟದ ಹೊತ್ತಿಗೆ ಎಲ್ಲರನ್ನೂ ಕೂರಿಸಿ ಹೇಳಿದೆ. "ಬಿಸಿಲಲ್ಲಿ ರಾಗಿ ಕಳೆ ತೆಗೀತಿದ್ರಲ್ಲ, ಆಗ ಯಾವ ಕನ್ನಡಕ ಹಾಕ್ಕೋತಿದ್ರಿ?"

"ಅಯ್ಯೋ, ಯಾವ್ದೂ ಇಲ್ಲ ಬುಡಿ ಮೇಡಂ" ಎಂದು ಯಾರೋ ನಕ್ಕರು.

"ಸೂರ್ಯಂಗಿಂತ ಈ ಟ್ಯೂಬ್ ದೊಡ್ಡದಾ?"

ರತ್ನಕ್ಕ ಮುದ್ದೆ ಮುರಿಯುತ್ತಿದ್ದವರು ಕೈ ನಿಲ್ಲಿಸಿ ಕೇಳಿದರು. "ಅಲ್ಲ ಮೇಡಂ, ಸೂರ್ಯನ್ನ ಯಾರೂ ಮೂಗಿನ ತುದೀಲಿ ನೇತಾಕ್ಕೊಂಡು ಕಳೆ ತೆಗೆಯಲ್ಲವಲ್ಲ?"

ಉತ್ತರ ಇರಲಿಲ್ಲ. ಆದರೆ ಕಲಿತ ವಿದ್ಯೆ ಕೈಬಿಡಲಿಲ್ಲ. "ರತ್ನಕ್ಕ, ಮನೇಲಿ ಟ್ಯೂಬ್‌ಲೈಟ್ ಕೆಳಗೆ ಕೂತು ಸೀರಿಯಲ್ ನೋಡ್ತೀರಲ್ಲ, ಅಲ್ಲೂ ಕೂಲಿಂಗ್ ಗ್ಲಾಸ್ ಹಾಕ್ಕೊಳ್ಳಿ ಮತ್ತೆ. ನಿಮ್ಮ ಯಜಮಾನ್ರು ಯಾರೋ ಹೀರೋಯಿನ್ ಬಂದ್ಲು ಅಂತ ಎದ್ದು ನಿಂತ್ಕೋತಾರೆ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ರತ್ನಕ್ಕನೂ ನಕ್ಕರು. "ಬಾಯಿ ಇದ್ದೋರು ಗೆದ್ರು ಬುಡಿ ಮೇಡಂ" ಎಂದು ಮುದ್ದೆಗೆ ಕೈ ಹಾಕಿದರು. ನಾನು ಗೆದ್ದೆ.

ಗೆದ್ದವಳ ಔದಾರ್ಯದಿಂದ ಒಂದು ಸಲಹೆಯನ್ನೂ ಕೊಟ್ಟೆ. ಅಷ್ಟು ಭಯವಿದ್ದರೆ, ಪ್ರತಿ ಮನೆಯಲ್ಲೂ ಕಣ್ಣಿನ ಕ್ಯಾಂಪಿನ ಕಪ್ಪು ಕನ್ನಡಕ ಇದ್ದೇ ಇದೆಯಲ್ಲ, ಅದನ್ನೇ ತನ್ನಿ. ಪೊರೆ ತೆಗೆಸಿಕೊಂಡ ಹಿರಿಯರಿಗೆಲ್ಲ ಕ್ಯಾಂಪಿನಲ್ಲಿ ಹಸಿರು ಪಟ್ಟಿಯ ಜೊತೆ ಒಂದು ಕಪ್ಪು ಪ್ಲಾಸ್ಟಿಕ್ ಕನ್ನಡಕ ಕೊಡುತ್ತಾರೆ. ನಮ್ಮ ಕಡೆ ಅದು ಇಲ್ಲದ ಮನೆಯಿಲ್ಲ. "ಕಪ್ಪು ಅಂದ್ರೆ ಕಪ್ಪು, ಬೆಳಕು ತಡೀಬೇಕು ಅಷ್ಟೇ ತಾನೆ?" ಎಂದೆ. ಮರುದಿನ ಒಬ್ಬರು ಮಾವನದು, ಒಬ್ಬರು ಅತ್ತೆಯದು, ಒಬ್ಬರು ತೀರಿಹೋದ ತಂದೆಯದು ಹಾಕಿಕೊಂಡು ಬಂದರು. ನಾನು ಅಜ್ಜಿಯದನ್ನು ತೆಗೆದುಕೊಂಡು ಹೋದೆ. ಅಜ್ಜಿಗೆ ಆಪರೇಷನ್ ಆಗಿ ಮೂರು ತಿಂಗಳಾಗಿತ್ತು. "ಇನ್ನು ನಿಂಗ್ಯಾಕಜ್ಜಿ, ವಾಸಿಯಾಯ್ತಲ್ಲ" ಎಂದು ಗೂಟದಿಂದ ತೆಗೆದೆ. ಅವಳು ಬೇಡ ಎನ್ನಲಿಲ್ಲ.

ಆ ಕನ್ನಡಕ ಹಾಕಿಕೊಂಡು ಗುಲಾಬಿ ಬೆಳಕಿನಲ್ಲಿ ನಿಂತರೆ ಸೊಪ್ಪು ಇದ್ದಿಲಿನಂತೆ ಕಾಣುತ್ತಿತ್ತು. ಸುಟ್ಟ ಅಂಚೂ ಕಾಣದು, ಕೆಂಪೂ ಕಾಣದು. ಹಾಗಾಗಿ ಎರಡನೇ ದಿನಕ್ಕೆ ಎಲ್ಲರ ಕನ್ನಡಕವೂ ಹಣೆಯ ಮೇಲೆ ಏರಿತ್ತು. ನೋಡಿದವರಿಗೆ ನಾವು ಮುನ್ನೆಚ್ಚರಿಕೆ ತೆಗೆದುಕೊಂಡ ಹಾಗೆ, ನಮಗೆ ಹಣೆಗೊಂದು ಆಭರಣ.

ಒಂದು ಬೆಳಿಗ್ಗೆ ಹೋಟೆಲಿನ ವ್ಯಾನು ಬೇಗ ಬರುತ್ತದೆ ಎಂದು ಫೋನ್ ಬಂತು. ಕೆಂಪು ಸೊಪ್ಪೇ ಬೇಕಂತೆ. ಆಗತಾನೇ ಟ್ಯೂಬುಗಳು ಉರಿಯತೊಡಗಿದ್ದವು. ಬಾಗಿಲ ಬಳಿ ರತ್ನಕ್ಕ ನಿಂತರು. "ಆರಿಸ್ಬಿಟ್ಟು ಕುಯ್ಯೋಣ ಮೇಡಂ."

"ಈಗ ಆರಿಸಿದ್ರೆ ಹಿಂದಿನ ಸಾಲು ಕೆಂಪಾಗಲ್ಲ. ಕನ್ನಡಕ ಇದೆಯಲ್ಲ ಅಕ್ಕ, ಬನ್ನಿ."

ನಾವಿಬ್ಬರೇ ಒಳಗೆ ಹೋದೆವು. ಉಳಿದವರು ಹೊರಗೆ ಪ್ಯಾಕಿಂಗಿಗೆ. ಕೆಂಪು ಯಾವುದು ಹಸಿರು ಯಾವುದು ಎಂದು ಆರಿಸಬೇಕಲ್ಲ, ಐದು ನಿಮಿಷಕ್ಕೆ ಕನ್ನಡಕ ಹಣೆಗೆ ಹೋಯಿತು. ಒಂದೂವರೆ ಗಂಟೆ ಆ ಟ್ಯೂಬುಗಳ ಪಕ್ಕ ಮುಖವಿಟ್ಟು ಸೊಪ್ಪು ಕೊಯ್ದೆವು. ಏನೂ ಅನ್ನಿಸಲಿಲ್ಲ. ಆ ಬೆಳಕಿನ ಕೆಟ್ಟ ಗುಣವೇ ಅದು, ಆಗ ಏನೂ ಅನ್ನಿಸುವುದಿಲ್ಲ.

ಸಂಜೆ ಐದಕ್ಕೆ ಅಂಗಳದಲ್ಲಿ ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಕೂತೆ. ಕಣ್ಣಲ್ಲಿ ಮರಳು ಬಿದ್ದಂತಾಯಿತು. ಅರ್ಧ ಗಂಟೆಯಲ್ಲಿ ಮರಳು ಮೆಣಸಿನಪುಡಿಯಾಯಿತು. ರೆಪ್ಪೆ ತೆರೆಯಲು ಆಗದಂತೆ ನೀರು ಸುರಿಯತೊಡಗಿತು.

"ಏನಾಯ್ತು ಮಗಾ? ಮೆಣಸಿನಕಾಯ್ ಕೈ ಇಕ್ಕೊಂಡ್ಯಾ?"

"ಧೂಳು ಬಿತ್ತಜ್ಜಿ, ಬರ್ತಾ ಟಿಪ್ಪರ್ ಹಿಂದೆ ಸಿಕ್ಕಾಕ್ಕೊಂಡಿದ್ದೆ."

ಎಷ್ಟು ಸಲೀಸಾಗಿ ಬಂತು ಆ ಮಾತು. ನೋವು ಏನೆಂದು ಅರ್ಥವಾಗುವ ಮೊದಲೇ ನನ್ನ ಬಾಯಿಗೆ ವಾದ ಉಳಿಸಿಕೊಳ್ಳುವುದು ಹೇಗೆಂದು ಅರ್ಥವಾಗಿತ್ತು.

ದೀಪ ಹಚ್ಚುವ ಹೊತ್ತಿಗೆ ರತ್ನಕ್ಕನ ಫೋನ್ ಬಂತು. "ಮೇಡಂ, ನಂಗೆ ಕಣ್ಣೇ ಬಿಡಕ್ಕಾಯ್ತಿಲ್ಲ. ಬೆಂಕಿ ಬಿದ್ದಂಗೆ ಉರೀತೈತೆ. ನಿಮ್ಗೇನಾದ್ರೂ ಆಗೈತಾ?"

ನಾನು ಒದ್ದೆ ಬಟ್ಟೆಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಮಂಚದ ಮೇಲೆ ಬಿದ್ದಿದ್ದೆ. ಫೋನ್ ಹಿಡಿದುಕೊಟ್ಟಿದ್ದು ಅಜ್ಜಿ.

"ನಂಗೇನೂ ಆಗಿಲ್ವಲ್ಲ ರತ್ನಕ್ಕ" ಎಂದೆ.

ಮೂರನೇ ಸುಳ್ಳು ಇದು. "ಸರಿ ಬುಡಿ, ನಂದೇ ಏನೋ ಇರ್ಬೇಕು" ಎಂದು ಫೋನ್ ಇಟ್ಟರು. ಅಜ್ಜಿ ಫೋನನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದಳು.

ದೇವರ ಗೂಡಿನ ಪಕ್ಕದ ಹಲಗೆಯ ಮೇಲೆ ಅಜ್ಜಿಯ ಆಪರೇಷನ್ನಿನ ಡ್ರಾಪ್ಸ್ ಬಾಟಲಿ ಅರ್ಧ ಉಳಿದಿತ್ತು. ಕಣ್ಣಿನ ಔಷಧಿ, ಕಣ್ಣಿಗೆ ಹಾಕುವುದು, ಇನ್ನೇನು ಬೇಕು? ಊರಿನವರ ತಾಯತಕ್ಕೆ ಪುರಾವೆ ಕೇಳಿದವಳು ಆ ಬಾಟಲಿಯ ಮೇಲಿನ ಅಕ್ಷರವನ್ನೂ ಓದಲಿಲ್ಲ. ಓದಲು ಕಣ್ಣು ತೆರೆಯುತ್ತಿರಲಿಲ್ಲ ಎನ್ನಬಹುದು. ಮಾರನೆಯ ದಿನ ತೆರೆದಿತ್ತು, ಆಗಲೂ ಓದಲಿಲ್ಲ. ಹೆಚ್ಚು ಉರಿಯುತ್ತಿದ್ದ ಬಲಗಣ್ಣಿಗೆ ಡ್ರಾಪ್ಸ್ ಬಿದ್ದದ್ದೇ ಉರಿ ತಣ್ಣಗಾಗುತ್ತಿತ್ತು, ಕೆಂಪು ಇಳಿಯುತ್ತಿತ್ತು. ಮೂರನೇ ದಿನ ಕೆಲಸಕ್ಕೆ ಹೋದೆ.

ರತ್ನಕ್ಕ ಬೆಳಗಾದ ಕೂಡಲೇ ದೇವನಹಳ್ಳಿಯ ಆಸ್ಪತ್ರೆಗೆ ಹೋಗಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು. ಮುಲಾಮು ಹಚ್ಚಿಕೊಂಡು, ಕತ್ತಲ ಕೋಣೆಯಲ್ಲಿ ಮಲಗಿದ್ದು, ನಾಲ್ಕನೇ ದಿನ ಕೆಲಸಕ್ಕೆ ಬಂದರು. "ಡಾಕ್ಟ್ರು ಆ ಲೈಟಿಂದ್ಲೇ ಅಂದ್ರು ಮೇಡಂ. ವೆಲ್ಡಿಂಗ್ ಮಾಡೋರ್ಗೆ ಆಯ್ತದಂತಲ್ಲ, ಹಂಗೆ."

"ಲೈಟಿಂದ ಅನ್ನೋದಾದ್ರೆ ನಂಗೂ ಆಗ್ಬೇಕಿತ್ತಲ್ಲ?" ಎಂದೆ. ಎಲ್ಲರ ಎದುರು. ನನ್ನ ಸುಳ್ಳನ್ನೇ ಪುರಾವೆಯಾಗಿ ಮೇಜಿನ ಮೇಲಿಟ್ಟು ವಾದಿಸಿದೆ. ರತ್ನಕ್ಕ ನನ್ನ ಮುಖವನ್ನೇ, ಸರಿಯಾಗಿ ಹೇಳಬೇಕೆಂದರೆ ನನ್ನ ಬಲಗಣ್ಣನ್ನೇ, ಒಂದು ಗಳಿಗೆ ನೋಡಿದರು. ಮಾಲೀಕರು ಮಾತ್ರ ನನ್ನ ವಾದಕ್ಕೆ ಕಾಯದೆ ಟ್ಯೂಬುಗಳನ್ನು ಆರಿಸಿಟ್ಟರು.

ಐದನೇ ದಿನ ಬೆಳಿಗ್ಗೆ ಬಲಗಣ್ಣಿಗೆ ಬಾಗಿಲ ಚೌಕಟ್ಟು ಮಂಜಾಗಿ ಕಂಡಿತು. ಅಮ್ಮ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು.

"ಲೇ ಭವ್ಯಾ, ಕಣ್ಣೊಳ್ಗೆ ಏನೇ ಅದು ಬಿಳೀದು?"

"ಏನಿಲ್ಲಮ್ಮ, ಧೂಳು..."

"ಧೂಳಾ? ಹೂ ಬಿದ್ದೈತಲ್ಲೇ!" ಅಮ್ಮ ಹೊಸಿಲ ಮೇಲೆಯೇ ಕೂತಳು. ಅಪ್ಪ ಬೈಕ್ ತೆಗೆದು ಬಾಗಿಲಲ್ಲಿ ನಿಲ್ಲಿಸಿದ. ಬೆಂಗಳೂರಿನ ದೊಡ್ಡ ಕಣ್ಣಾಸ್ಪತ್ರೆ ತಲುಪುವವರೆಗೆ ಅವನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು, ಒಂದೇ ಕಣ್ಣಿನಿಂದ.

ಡಾಕ್ಟರು ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಗಲ್ಲವನ್ನು ಯಂತ್ರದ ಮೇಲಿಡಿಸಿ ನೋಡುತ್ತಲೇ ಕೇಳಿದರು. "ಏನ್ ಬಿತ್ತು?"

"ಧೂಳು."

"ಏನ್ ಕೆಲ್ಸ ಮಾಡ್ತೀರಾ?"

"ತರಕಾರಿ ಪ್ಯಾಕಿಂಗ್."

"ಯಾವ್ದಾದ್ರೂ ಡ್ರಾಪ್ಸ್ ಹಾಕಿದ್ರಾ? ಮೆಡಿಕಲ್‌ನಿಂದ, ಮನೇದು?"

"ಇಲ್ಲ."

ಯಾಕೆ ಹಾಗೆ ಹೇಳಿದೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಪಕ್ಕದಲ್ಲಿ ಅಪ್ಪ ನಿಂತಿದ್ದ. ಅಜ್ಜಿಯ ಬಾಟಲಿ ಎಂದರೆ ಈ ಓದಿದ ಡಾಕ್ಟರ ಕಣ್ಣಲ್ಲಿ ನಾನು ಎದೆಹಾಲು ಬಿಟ್ಟುಕೊಂಡ ಹೆಂಗಸಿನ ಸಾಲಿಗೆ ಸೇರುತ್ತೇನೆ. ಲೈಟು ಎಂದರೆ ರತ್ನಕ್ಕ ಗೆದ್ದ ಹಾಗೆ. ಕಣ್ಣು ಹೋದರೂ ಸರಿ, ಅವೆರಡೂ ಆಗಬಾರದಿತ್ತು. ಕೂತು ಬರೆಯುವಾಗ ಹುಚ್ಚು ಅನ್ನಿಸುತ್ತದೆ. ಆ ಕುರ್ಚಿಯ ಮೇಲೆ ಅದು ತುಂಬ ವಿವೇಕದ ಮಾತಿನಂತಿತ್ತು.

ಕಣ್ಣಿಗೆ ಮರಗಟ್ಟಿಸುವ ಔಷಧಿ ಹಾಕಿ, ಬಿಳಿ ಚುಕ್ಕೆಯಾಗಿ ಕಾಣುತ್ತಿದ್ದ ಹುಣ್ಣಿನ ಮೇಲಿಂದ ಸ್ವಲ್ಪ ಕೆರೆದು ಪರೀಕ್ಷೆಗೆ ತೆಗೆದರು. ನೋವಾಗುವುದಿಲ್ಲ. ಆದರೆ ಬ್ಲೇಡು ಬರುವುದು ಕಾಣುತ್ತದೆ, ಕಣ್ಣು ಮುಚ್ಚುವ ಹಾಗಿಲ್ಲ. ಹಿಂದೆ ನಿಂತ ನರ್ಸಮ್ಮ ನನ್ನ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿ ಹಿಡಿದುಕೊಂಡು "ಆಯ್ತು ಪುಟ್ಟಾ, ಆಯ್ತು, ಇನ್ನೊಂಚೂರು" ಎನ್ನುತ್ತಿದ್ದರು. ಅವರ ಹೆಸರು ನನಗೆ ಗೊತ್ತಿಲ್ಲ. ಆ ದಿನಗಳಲ್ಲಿ ನನಗೆ ಸಿಕ್ಕ ಅತ್ಯಂತ ದೊಡ್ಡ ಉಪಕಾರ ಆ ಅಂಗೈಗಳು.

ಗಂಟೆಗೊಂದು ಸಲ ಡ್ರಾಪ್ಸ್. ಅಮ್ಮ ಅಂಗನವಾಡಿಗೆ ರಜೆ ಹಾಕಿ ಫೋನಿನಲ್ಲಿ ಅಲಾರಂ ಇಟ್ಟುಕೊಂಡು ಕೂತಳು. ಚಿಕ್ಕಮ್ಮ ಬಂದು "ಮದ್ವೆ ಗೊತ್ತಾಗೋ ಗಂಟ ಯಾರ್ಗೂ ಹೇಳ್ಬೇಡ್ರೀ" ಎಂದಳು. ಬೇರೆ ದಿನವಾಗಿದ್ದರೆ ಅವಳ ಜೊತೆ ಒಂದು ಗಂಟೆ ಜಗಳವಾಡುತ್ತಿದ್ದೆ. ಆ ದಿನ ಬಾಯಿ ಬರಲಿಲ್ಲ. ಮುಚ್ಚಿಡುವುದರಲ್ಲಿ ನಾನು ಅವಳಿಗಿಂತ ಎಷ್ಟೋ ಮುಂದೆ ಹೋಗಿದ್ದೆ.

ಏಕೆಂದರೆ ಅಜ್ಜಿಯ ಬಾಟಲಿಯನ್ನು ನಾನು ಬಿಟ್ಟಿರಲಿಲ್ಲ. ಆಸ್ಪತ್ರೆಯ ಡ್ರಾಪ್ಸ್ ಉರಿಯುತ್ತಿದ್ದವು, ಅದು ತಣ್ಣಗಿತ್ತು. ಅಮ್ಮ ಅಡುಗೆಮನೆಗೆ ಹೋದಾಗ ಹಲಗೆಯ ಮೇಲಿಂದ ತೆಗೆದು ಒಂದು ಹನಿ ಬಿಟ್ಟುಕೊಂಡು ಮತ್ತೆ ಅಲ್ಲೇ ಇಡುತ್ತಿದ್ದೆ.

ಎರಡು ಸಲ ತೋರಿಸಿದರೂ ಬಿಳಿ ಚುಕ್ಕೆ ದೊಡ್ಡದಾಗುತ್ತಲೇ ಇತ್ತು. ಪರೀಕ್ಷೆಯಲ್ಲಿ ಏನೂ ಸ್ಪಷ್ಟವಾಗಲಿಲ್ಲ. ಡಾಕ್ಟರ ಹುಬ್ಬು ಗಂಟಾಯಿತು. "ಔಷಧಿ ಯಾಕೆ ಹಿಡೀತಿಲ್ಲ ಅಂತ ಅರ್ಥ ಆಗ್ತಿಲ್ಲ. ಹೀಗೇ ಹೋದ್ರೆ ಕಾರ್ನಿಯ ತೂತಾಗ್ಬಹುದು. ಆಮೇಲೆ ನನ್ ಕೈಲೂ ಇರಲ್ಲ" ಎಂದರು.

ಆಸ್ಪತ್ರೆಗೆ ಹೋಗತೊಡಗಿದ ಹನ್ನೊಂದನೇ ದಿನ ಅಪ್ಪನಿಗೆ ಕೋರ್ಟು ಕೆಲಸ, ಅಮ್ಮನಿಗೆ ಜ್ವರ. ಜೊತೆಗೆ ಯಾರು ಬರುತ್ತಾರೆ ಎನ್ನುವಾಗ ಬಾಗಿಲಲ್ಲಿ ರತ್ನಕ್ಕ ನಿಂತಿದ್ದರು, ಕೈಯಲ್ಲಿ ಸೀಬೆಹಣ್ಣಿನ ಚೀಲ. ನನ್ನ ಕಣ್ಣಿನ ಸುದ್ದಿ ಕೇಳಿ ನೋಡಲು ಬಂದವರು. "ನಾನೇ ಕರ್ಕೊಂಡೋಗ್ತೀನಿ ಬುಡಕ್ಕ, ನೀನು ಮಲಕ್ಕೋ" ಎಂದು ಅಮ್ಮನಿಗೆ ಹೇಳಿ ನನ್ನ ಕೈ ಹಿಡಿದರು. ಬಸ್ಸಿನಲ್ಲಿ ಸೀಟು ಗಿಟ್ಟಿಸಿದರು, ಬಿಸಿಲು ಬೀಳುವ ಕಿಟಕಿಗೆ ತಾವು ಕೂತು ಸೆರಗನ್ನು ನನ್ನ ಮುಖದ ಕಡೆ ಅಡ್ಡ ಹಿಡಿದರು. ಏನೂ ಕೇಳಲಿಲ್ಲ. ಕೇಳಿದ್ದರೆ ವಾದಿಸುತ್ತಿದ್ದೆ.

ಡಾಕ್ಟರು ಫೈಲ್ ತಿರುವಿ ಮತ್ತೆ ಮೊದಲಿನಿಂದ ಶುರುಮಾಡಿದರು. "ಧೂಳು ಬಿದ್ದಿದ್ದು ಯಾವಾಗ? ಎಂಥ ಧೂಳು?"

ನಾನು ಬಾಯಿ ತೆರೆಯುವ ಮೊದಲೇ ರತ್ನಕ್ಕ ಹೇಳಿದರು. "ಧೂಳಲ್ಲ ಡಾಕ್ಟ್ರೇ, ಲೈಟು. ಸೊಪ್ಪಿಗೆ ಬಿಡೋ ಲೈಟು. ಒಂದೂವರೆ ಗಂಟೆ ಇಬ್ರೂ ಅದ್ರ ಕೆಳ್ಗೇ ಇದ್ವಿ. ನಂಗೂ ಆಗಿತ್ತು, ಮೂರು ದಿನಕ್ಕೆ ಹೋಯ್ತು."

ಡಾಕ್ಟರು ನನ್ನ ಕಡೆ ತಿರುಗಿದರು. ನನ್ನೊಳಗೆ ಮಾತುಗಳು ಸಾಲುಗಟ್ಟಿದವು. ಇವರಿಗೆ ಆದದ್ದು ಬೇರೆ, ನನ್ನದು ಬೇರೆ. ಲೈಟಾಗಿದ್ದರೆ ಎರಡೂ ಕಣ್ಣಿಗೆ ಆಗಬೇಕಿತ್ತು. ಒಳ್ಳೊಳ್ಳೆಯ ವಾದಗಳು. ಒಂದನ್ನೂ ಆಡಲಾಗಲಿಲ್ಲ. ರತ್ನಕ್ಕ ನನ್ನ ಕಡೆ ನೋಡುತ್ತಿರಲಿಲ್ಲ, ಮಡಿಲಲ್ಲಿದ್ದ ನನ್ನ ಔಷಧಿಗಳ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು.

"ಇವರಿಗೆ ಮೂರು ದಿನಕ್ಕೆ ವಾಸಿಯಾಗಿದ್ದು ನಿಮಗೆ ಯಾಕೆ ಹುಣ್ಣಾಯ್ತು?" ಡಾಕ್ಟರು ತಮ್ಮಷ್ಟಕ್ಕೆ ತಾವೇ ಕೇಳಿಕೊಂಡರು.

ಉತ್ತರ ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ರತ್ನಕ್ಕನಿಗೂ ಗೊತ್ತಿರಲಿಲ್ಲ. ಯಾರೂ ನನ್ನನ್ನು ಹಿಡಿದುಹಾಕಲು ಸಾಧ್ಯವಿರಲಿಲ್ಲ.

"ಅಜ್ಜಿಯ ಡ್ರಾಪ್ಸ್ ಹಾಕ್ಕೊಂಡೆ" ಎಂದೆ. "ಪೊರೆ ಆಪರೇಷನ್ ಮಾಡಿಸಿದಾಗ ಕೊಟ್ಟಿದ್ದು. ಮೊದಲ ದಿನದಿಂದ."

"ಯಾವಾಗ ನಿಲ್ಲಿಸಿದ್ರಿ?"

"ನಿಲ್ಲಿಸಿಲ್ಲ. ಇವತ್ತು ಬೆಳಿಗ್ಗೇನೂ ಹಾಕಿದೆ."

ಡಾಕ್ಟರು ಪೆನ್ನು ಕೆಳಗಿಟ್ಟರು. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. "ಅದ್ರಲ್ಲಿ ಸ್ಟೆರಾಯ್ಡ್ ಇರುತ್ತೆ. ಅವ್ರಿಗೆ ಬೇಕಿತ್ತು, ಕೊಟ್ರು. ನಿಮ್ಮ ಕಣ್ಣಿನ ಮೇಲ್ಪದರ ಸುಟ್ಟಿತ್ತು. ಅದ್ರ ಮೇಲೆ ಇದನ್ನ ಹಾಕಿದ್ರೆ ಬೂಷ್ಟು ಕೂತ್ಕೊಳ್ಳೋಕೆ ಗೊಬ್ಬರ ಹಾಕಿದ ಹಾಗೆ. ಮೊದಲ್ನೇ ದಿನಾನೇ ಹೇಳಿದ್ದಿದ್ರೆ ನಾನು ಬೇರೆ ಥರ ಯೋಚನೆ ಮಾಡ್ತಿದ್ದೆ." ಮತ್ತೆ ಕೆರೆದು ಪರೀಕ್ಷೆಗೆ ಕಳಿಸಿದರು. ಬೂಷ್ಟೇ ಆಗಿತ್ತು. ಔಷಧಿ ಬದಲಾಯಿತು.

ವಾಪಸು ಬರುವಾಗ ಬಸ್ಸು ಖಾಲಿಯಿತ್ತು. ಯಲಹಂಕ ದಾಟಿದ ಮೇಲೆ ರತ್ನಕ್ಕ ಕೇಳಿದರು. "ನಾನು ಫೋನ್ ಮಾಡಿದ್ನಲ್ಲ, ಆವತ್ತು ನಿಮ್ಗೂ ಉರೀತಿತ್ತು, ಅಲ್ವಾ?"

"ಹೂಂ."

"ನಮ್ಮವ್ವಂಗೆ ಕೊನೇಗೆ ಕಣ್ಣು ಕಾಣ್ತಿರ್ಲಿಲ್ಲ. ನಿಮ್ಗೇನೂ ಆಗಿಲ್ಲ ಅಂದ್ರಲ್ಲ, ಹಂಗಾರೆ ನಂಗೂ ಅವ್ವನ ಕಾಯ್ಲೆನೇ ಬಂತು ಅಂದ್ಕೊಂಡೆ. ಬೆಳಗಾಗೋಗಂಟ ಗೋಡೆ ಒರಕ್ಕೊಂಡು ಕೂತಿದ್ದೆ ಕಣಮ್ಮ. ನಿಮ್ಗೂ ಉರೀತೈತೆ ಅಂತ ಒಂದ್ ಮಾತು ಅಂದಿದ್ರೆ ನೋವೇ ಆಗಿರ್ತಿತ್ತು, ಭಯ ಇರ್ತಿರ್ಲಿಲ್ಲ."

ಮೇಡಂ ಎನ್ನುವುದು ಕಣಮ್ಮ ಆಗಿತ್ತು. ಕ್ಷಮಿಸಿ ಎಂದೆ. "ಸೀಬೆಹಣ್ಣು ತಿನ್ನಿ" ಎಂದರು. ಕ್ಷಮಿಸಿದರೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ, ಕೇಳುವ ಧೈರ್ಯವೂ ಇಲ್ಲ.

ಎರಡು ತಿಂಗಳಿಗೆ ಹುಣ್ಣು ಮಾಗಿತು, ಕಲೆ ಉಳಿಯಿತು. ಮುಂದೆ ಬೇಕಾದರೆ ದಾನದ ಕಾರ್ನಿಯ ಹಾಕಬಹುದು, ಸದ್ಯಕ್ಕೆ ಬೇಡ ಎಂದಿದ್ದಾರೆ. ಮನೆಯಲ್ಲಿ ಎಲ್ಲವನ್ನೂ ಹೇಳಿದೆ. ಅಮ್ಮ ಬೈದಳು, ಅತ್ತಳು, ಮತ್ತೆ ಬೈದಳು. ಅಜ್ಜಿ ಮಾತ್ರ "ನಾನು ಆ ಬಾಟ್ಲೀನ ಎಸೀಬೇಕಿತ್ತು" ಎಂದು ತನ್ನ ಮೇಲೆ ಹಾಕಿಕೊಂಡಳು. ನನ್ನ ತಪ್ಪಿಗೆ ಇನ್ನೊಬ್ಬರು ಒಡೆಯರಾಗುವುದನ್ನು ನೋಡುವುದು ಬೈಗುಳಕ್ಕಿಂತ ಕಷ್ಟ.

ಅದೇ ವಾರ ಅಂಗಳದಲ್ಲಿ ಅವಳು ಒಂದು ಕೈಯನ್ನು ಹುಬ್ಬಿನ ಮೇಲೆ ಅಡ್ಡ ಹಿಡಿದು ಇನ್ನೊಂದರಲ್ಲಿ ರಾಗಿ ಹರಡುತ್ತಿದ್ದಳು. ಎಷ್ಟು ದಿನದಿಂದ ಹಾಗೆ ಮಾಡುತ್ತಿದ್ದಳೋ, ನಾನು ನೋಡಿದ್ದು ಆಗ. "ಕಪ್ಪು ಕನ್ನಡಕ ಎಲ್ಲಜ್ಜಿ?"

"ನೀನೇ ತಕ್ಕೊಂಡೋದ್ಯಲ್ಲ ಮಗಾ, ಕೆಲ್ಸಕ್ಕೆ ಬೇಕು ಅಂತ."

"ಕೇಳ್ಬಾರ್ದಾ?"

"ನಿನ್ ಹತ್ರ ಮಾತಾಡಿ ಗೆಲ್ಲಕ್ಕಾಯ್ತದಾ ಲಾಯರಮ್ಮ?" ಎಂದು ನಕ್ಕಳು. ತಮಾಷೆಗೇ ಹೇಳಿದ್ದು. ನನ್ನ ಬ್ಯಾಗಿನ ತಳದಲ್ಲಿದ್ದ ಕನ್ನಡಕವನ್ನು ತೊಳೆದು, ಒರೆಸಿ, ಮತ್ತೆ ಗೂಟಕ್ಕೆ ಸಿಕ್ಕಿಸಿದೆ.

ಕೆಲಸಕ್ಕೆ ಮರಳಿದ ದಿನ ಊಟದ ಹೊತ್ತಿಗೆ ಎಲ್ಲರನ್ನೂ ಕೂರಿಸಿದೆ. "ಆವತ್ತು ರತ್ನಕ್ಕ ಕೇಳಿದ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರ್ಲಿಲ್ಲ. ನಗಿಸಿ ತಪ್ಪಿಸ್ಕೊಂಡೆ. ನಂಗೂ ಅವತ್ತೇ ಕಣ್ಣು ಸುಟ್ಟಿತ್ತು. ಇಲ್ಲ ಅಂತ ನಿಮ್ಮೆಲ್ರ ಎದುರು ಸುಳ್ಳು ಹೇಳ್ದೆ." ಹಿಂದಿನಿಂದ ಯಾರೋ "ಮೇಡಂ ಸೋತ್ರು, ಬೆಲ್ಲ ಹಂಚ್ರೇ" ಎಂದರು. ನಗು ಬಂತು. ಈ ಸಲ ಆ ನಗುವಿನಿಂದ ನನಗೇನೂ ಲಾಭವಿರಲಿಲ್ಲ.

ಮಾಲೀಕರು ಮತ್ತೆ ಕನ್ನಡಕ ಆರಿಸಲು ಹೇಳಿದರು. ನಾನು ಮಾಡಿದ್ದು ಇಷ್ಟೇ. ಬಾಗಿಲು ತೆರೆದರೆ ಟ್ಯೂಬು ತಾನೇ ಆರುವ ಹಾಗೆ ಸ್ವಿಚ್ ಹಾಕಿಸಿ ಎಂದೆ, ಏಕೆಂದರೆ ಯಾವ ಕನ್ನಡಕವೂ ಖಾಲಿ ಕೋಣೆಯಷ್ಟು ಒಳ್ಳೆಯದಲ್ಲ. ಯಾವ ಕಿರಣ ತಡೆಯುತ್ತದೆ ಎಂದು ಬರವಣಿಗೆಯಲ್ಲಿ ಕೊಡುವವರಿಂದ ಮಾತ್ರ ನಾಲ್ಕು ಬಗೆ ತರಿಸಿದೆ. ಆರಿಸುವುದನ್ನು ಹಾಕಿಕೊಳ್ಳುವ ಹೆಂಗಸರಿಗೇ ಬಿಟ್ಟೆ. ರತ್ನಕ್ಕ ಒಂದು ಟ್ರೇಯಲ್ಲಿ ಚೆನ್ನಾಗಿರುವ ಎಲೆಗಳ ನಡುವೆ ಅಂಚು ಸುಟ್ಟ ಮೂರು ಎಲೆ ಸೇರಿಸಿ ಗುಲಾಬಿ ಲೈಟಿನ ಕೆಳಗಿಟ್ಟರು. ಕನ್ನಡಕ ಹಾಕಿಕೊಂಡು ಬಗ್ಗಿ ಆ ಮೂರನ್ನೂ ಹುಡುಕಬೇಕು. ಹುಡುಕಲು ಯಾರ ಕೈ ಹಣೆಯ ಕಡೆ ಹೋಯಿತೋ ಆ ಕನ್ನಡಕ ಹೊರಗೆ. ಬಗ್ಗಿದಾಗ ಮೂಗಿನಿಂದ ಜಾರಿದ್ದು ಹೊರಗೆ. ಪಕ್ಕದಲ್ಲಿ, ಹುಬ್ಬಿನ ಮೇಲೆ ಬೆಳಕು ನುಸುಳಿದ್ದು ಹೊರಗೆ. ಉಳಿದದ್ದು ಒಂದು, ಹಸಿರು ಛಾಯೆಯದು, ಸುತ್ತ ಮುಚ್ಚಿದ್ದು, ಹಿಂದೆ ಎಳೆದು ಬಿಗಿ ಮಾಡುವ ಪಟ್ಟಿಯಿದ್ದದ್ದು. ನೋಡಲು ಕಪ್ಪೆಯ ಹಾಗೆ ಕಾಣುತ್ತೇವೆ.

ಹೋದ ತಿಂಗಳು ಶೋಭಾ ಎಂಬಾಕೆ ಹೊಸದಾಗಿ ಸೇರಿದರು. ಮೊದಲು ಹೊಸಕೋಟೆ ಕಡೆ ಹೂವಿನ ಪಾಲಿಹೌಸಿನಲ್ಲಿದ್ದವರು. ಕನ್ನಡಕ ಕೊಟ್ಟರೆ ತಿರುಗಿಸಿ ಮುರುಗಿಸಿ ನೋಡಿದರು. "ಇದ್ಯಾಕೆ? ಅಲ್ಲೆಲ್ಲ ಯಾರೂ ಹಾಕಲ್ಲ. ಲೈಟು ತಾನೆ, ಸೂರ್ಯಂಗಿಂತಾನಾ?"

ಎಲ್ಲರೂ ನನ್ನ ಕಡೆ ನೋಡಿದರು. ಪಕ್ಕದಲ್ಲಿದ್ದವರೊಬ್ಬರು "ಮೇಡಮ್ಮೋರ ಕಣ್ಣು ನೋಡಮ್ಮ, ಆಗ ಗೊತ್ತಾಯ್ತದೆ" ಎಂದರು. ಶೋಭಾ ಹತ್ತಿರ ಬಂದರು. ನಾನು ಡಾಕ್ಟರು ಮಾಡುತ್ತಿದ್ದ ಹಾಗೆ ಎರಡು ಬೆರಳಿನಿಂದ ರೆಪ್ಪೆ ಬಿಡಿಸಿ ಬಲಗಣ್ಣು ತೋರಿಸಿದೆ. ಅವರ ಮುಖದ ಬಣ್ಣ ಹೋಯಿತು. ಕೈ ಕನ್ನಡಕದ ಪಟ್ಟಿ ಹುಡುಕತೊಡಗಿತು. ವಾದ ಅಲ್ಲಿಗೇ ಮುಗಿಯುತ್ತಿತ್ತು. ಇದಕ್ಕಿಂತ ಗಟ್ಟಿ ಪುರಾವೆ ಯಾವ ವೇದಿಕೆಯಲ್ಲೂ ನನಗೆ ಸಿಕ್ಕಿರಲಿಲ್ಲ.

"ಇದು ಲೈಟಿಂದ ಆಗಿದ್ದಲ್ಲ" ಎಂದೆ. "ಲೈಟಿಂದ ಆಗಿದ್ದು ರತ್ನಕ್ಕಂಗೆ ಮೂರು ದಿನಕ್ಕೆ ಹೋಯ್ತು. ಈ ಕಲೆ ಉಳಿದಿದ್ದು ನಾನು ಮುಚ್ಚಿಟ್ಟಿದ್ದಕ್ಕೆ."

ಶೋಭಾ ಗಲಿಬಿಲಿಯಾದರು. "ಹಂಗಾದ್ರೆ ಇದು ಹಾಕ್ಕೊಳ್ಳೋದಾ, ಬೇಡ್ವಾ?"

ನಾನು ರತ್ನಕ್ಕನ ಕಡೆ ನೋಡಿದೆ. ಅವರು ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟರು.

"ಸೂರ್ಯನ್ನ ಯಾರೂ ಮೂಗಿನ ತುದೀಲಿ ನೇತಾಕ್ಕೊಂಡು ಕಳೆ ತೆಗೆಯಲ್ಲ ಕಣಮ್ಮ" ಎಂದರು. "ಹಾಕ್ಕೋ."

ಶೋಭಾ ಹಾಕಿಕೊಂಡರು. ಮೂಗಿನ ಮೇಲೆ ಸ್ವಲ್ಪ ಜಾರಿತು. ರತ್ನಕ್ಕ ಹಿಂದೆ ನಿಂತು, ಜಡೆಯನ್ನು ಪಕ್ಕಕ್ಕೆ ಸರಿಸಿ, ಪಟ್ಟಿ ಎಳೆದು ಬಿಗಿ ಮಾಡಿದರು.